ನೇಕಾರಪ್ಪ ಹಡೆದ ವರ್ಷ

ಮೊನ್ನೆ ಶ್ರಾವಣದಲ್ಲಿ ಗಜೇಂದ್ರಗಡಕ್ಕೆ ಹೋಗಿದ್ದೆ. ಕಣ್ಣು ಮಂಜಾದ ಮೇಲೆ ನಾನು ನರೇಗಲ್ಲಿನಲ್ಲಿ ಮಗಳ ಮನೆಯಲ್ಲೇ ಇದ್ದೇನೆ; ಹಳೆಯ ಓಣಿಯನ್ನು ನೋಡಿ ಎಂಟು ವರ್ಷವಾಗಿತ್ತು. ನೇಕಾರ ಓಣಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಜೋಳದ ಗಂಜಿಯ ಹುಳಿ ವಾಸನೆ. ಓಣಿಯುದ್ದಕ್ಕೂ ನೂಲಿನ ಹಾಸು ಬಿಗಿದು ಕುಂಚದಿಂದ ಗಂಜಿ ತೀಡುತ್ತಿದ್ದರು. ಹೊಸಬರಿಗೆ ಆ ವಾಸನೆ ಹೊಟ್ಟೆ ತೊಳಸುತ್ತದೆ. ನನಗೆ ಮಾತ್ರ ಹಸಿವಾಗುತ್ತದೆ, ಜಗಳಕ್ಕೆ ನಿಲ್ಲುವ ಹುರುಪೂ ಬರುತ್ತದೆ.

ಓಣಿಯ ಕೊನೆಯಲ್ಲಿ ಪಾಪಾಸುಕಳ್ಳಿಯ ಬೇಲಿ ಇನ್ನೂ ಇದೆ. ಎರಡು ಕಳ್ಳಿಗಳ ನಡುವೆ, ನನ್ನ ಎದೆಯ ಎತ್ತರಕ್ಕೆ, ದುಂಡನೆಯ ಬಲೆ ಕಟ್ಟಿಕೊಂಡು ಆ ಜೇಡ ತಲೆ ಕೆಳಗಾಗಿ ಕೂತಿದ್ದಳು. ಅವಳ ಗುರುತು ಸಿಗದಷ್ಟು ನನ್ನ ಕಣ್ಣು ಕೆಟ್ಟಿಲ್ಲ. ಬಲೆಯ ಮೇಲಿನ ಕಳ್ಳಿಗೆ ಯಾರೋ ಅಂಗೈಯಗಲದ ಕೆಂಪು ಬಟ್ಟೆಯನ್ನು ರುಮಾಲಿನಂತೆ ಸುತ್ತಿದ್ದರು. ಬಾಗಿ ನೋಡುತ್ತ ನಿಂತಿದ್ದಾಗ ಗಂಜಿಯ ಕುಂಚ ಹಿಡಿದ ತರುಣನೊಬ್ಬ ಹಿಂದಿನಿಂದ ಕೂಗಿದ.

"ಆಯಿ, ಈಕಡೆ ಸರೀರಿ. ನೇಕಾರಪ್ಪನ ಮ್ಯಾಲೆ ನಿಮ್ಮ ನೆಳ್ಳ ಬಿದ್ದೈತಿ. ಹೆಂಗಸರ ನೆಳ್ಳ ಬೀಳಬಾರದು."

"ಯಾರಂದ್ರಪ ಹಂಗಂತ?"

"ಹಿರ್ಯಾರು ಅಂದದ್ದು ಆಯಿ. ಮೊದಲಿಂದ ನಡಕೊಂತ ಬಂದೈತಿ."

ಪಿತ್ತ ನೆತ್ತಿಗೇರಿತು. ಮೊದಲಿನಿಂದಲಂತೆ! ಈ ಹುಡುಗನ ಅಪ್ಪ ತೊಟ್ಟಿಲಲ್ಲಿದ್ದಾಗ, ನಲವತ್ತೈದು ವರ್ಷಗಳ ಕೆಳಗೆ, ಇದೇ ಬೇಲಿಯ ಮುಂದೆ ಇಡೀ ಓಣಿ ನಿಂತು ಒಂದು ಮಾತನ್ನು ಒಪ್ಪಿಕೊಂಡಿತ್ತು. ನಾನು ಓಣಿ ಬಿಟ್ಟ ಎಂಟೇ ವರ್ಷದಲ್ಲಿ ಮರೆತುಬಿಟ್ಟರು. ಮರೆಯುವುದು ಅವರಿಗೆ ಅನುಕೂಲ, ನನಗಲ್ಲ. ಮುಪ್ಪಿನಲ್ಲಿ ಮೊಮ್ಮಗಳ ಪಾಟಿಯ ಮೇಲೆ ಕಲಿತ ಅಕ್ಷರ ಇದಕ್ಕಾದರೂ ಬರಲಿ ಎಂದು ಕೂತು ಬರೆಯುತ್ತಿದ್ದೇನೆ.

ನರಗುಂದದಲ್ಲಿ ಬಂಡಾಯವಾಗುವುದಕ್ಕೆ ಮೂರು ವರ್ಷ ಮುಂಚಿನ ಮಾತು. ಆಗಿನ್ನೂ ಕುಂಪಣಿ ಸರ್ಕಾರ. ವಿಲಾಯತಿ ನೂಲು ನಮ್ಮ ಕಡೆಗೆ ಆಗಷ್ಟೇ ಬರತೊಡಗಿತ್ತು. ಮುಟ್ಟಿ ನೋಡಿದ ಮುದುಕರು ಇದಕ್ಕೆ ಜೀವವಿಲ್ಲ ಎಂದು ಮೂಗು ಮುರಿಯುತ್ತಿದ್ದರು. ನನಗೆ ಇಪ್ಪತ್ತರ ಆಸುಪಾಸು. ಮದುವೆಯಾಗಿ ಈ ಓಣಿಗೆ ಬಂದು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಮೂರೇ ಜನ: ನಾನು, ನಮ್ಮ ಮನೆಯವರು, ನಮ್ಮತ್ತೆ ತಿಪ್ಪವ್ವ. ನಮ್ಮ ಮನೆಯವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಅದೊಂದು ಹಳೆಯ ಪದ್ಧತಿಯನ್ನು ಉಳಿಸಿಕೊಂಡಿದ್ದೇನೆ. ಯಾರೋ ಹೇಳಿದ್ದಕ್ಕಲ್ಲ, ನನಗೆ ಸೇರಿದ್ದರಿಂದ.

ನನ್ನ ತವರು ಜಕ್ಕಲಿ. ಸುತ್ತ ಎಲ್ಲ ಒಕ್ಕಲುತನದವರು, ನಡುವೆ ನಮ್ಮದು ಎರಡು ಮಗ್ಗದ ಮನೆ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಸೊಂಟ ನೋವು ಬಂದ ದಿನ ಅವನು ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೆದ್ದು, "ನಾಕ ಎಳಿ ಹಾಕವ್ವ ಸಂಗವ್ವ, ಬೆನ್ನ ನೆಟ್ಟಗ ಮಾಡಿ ಬರ್ತೀನಿ" ಎನ್ನುತ್ತಿದ್ದ. ನಾಲ್ಕೆಳೆ ನಾಲ್ಕು ಬೆರಳಾಗುವ ತನಕ ಅವನು ಬರುತ್ತಿರಲಿಲ್ಲ. ಆ ನಾಲ್ಕು ಬೆರಳಿನ ಬಟ್ಟೆ ನೋಡಿ, ಇದು ಹೆಣ್ಣು ನೇಯ್ದದ್ದು ಎಂದು ಯಾವ ಗಿರಾಕಿಯೂ ವಾಪಸು ತಂದದ್ದಿಲ್ಲ.

ಗಜೇಂದ್ರಗಡದ ಓಣಿಯ ರೀತಿಯೇ ಬೇರೆ. ಮಗ್ಗದ ಕುಣಿಗೆ ಇಳಿಯುವವನು ಗಂಡಸು. ಹೆಂಗಸು ನೂಲು ಬಿಡಿಸಬೇಕು, ಲಾಳಿಗೆ ಹಾಕುವ ಕಂಡಿಕೆ ಸುತ್ತಬೇಕು, ಗಂಜಿ ಕಾಸಬೇಕು. ಯಾಕೆ ಎಂದು ಕೇಳಿದರೆ ಬೇಲಿಯ ಕಡೆ ಕೈ ತೋರಿಸುತ್ತಿದ್ದರು. ಕಳ್ಳಿಬೇಲಿಯಲ್ಲಿ ಬಲೆ ನೇಯುವ ಜೇಡ ನಮ್ಮ ಕುಲದ ಮೂಲಪುರುಷ, ಮನುಷ್ಯರಿಗೆ ನೇಯ್ಗೆ ಕಲಿಸಿದವನು, ಅವನ ಹೆಸರು ನೇಕಾರಪ್ಪ. ಬಲೆಯ ಅಂಚಿನಲ್ಲಿ ಕಂದುಬಣ್ಣದ ಸಣ್ಣದೊಂದು ಕೂತಿರುತ್ತದಲ್ಲ, ಅದು ಅವನ ಹೆಂಡತಿ. ಗಂಡನಿಗೆ ಕಂಡಿಕೆ ಸುತ್ತಿಕೊಡುತ್ತಾಳೆ. ಶ್ರಾವಣದ ಮೊದಲ ಸೋಮವಾರ ಓಣಿಯ ಹಿರಿಯ ಕಾಳಪ್ಪ ಎಲ್ಲಕ್ಕಿಂತ ದೊಡ್ಡ ಬಲೆಯನ್ನು ಆರಿಸಿ, ಅದರ ಮೇಲಿನ ಕಳ್ಳಿಗೆ ಕೆಂಪು ರುಮಾಲು ಸುತ್ತಿ ಕಾಯಿ ಒಡೆಯುತ್ತಿದ್ದ. ನೇಕಾರಪ್ಪ ರುಮಾಲು ಧರಿಸಿದ ಎಂದಾದ ಮೇಲೆ ಓಣಿಯಲ್ಲಿ ಹೊಸ ಹಾಸು ಏರುತ್ತಿತ್ತು.

ಅದೇ ಜೇಡ ಜಕ್ಕಲಿಯ ಹೊಲದ ಬದುವಿನಲ್ಲಿ ಬಾರಿಹಣ್ಣಿನ ಕಂಟಿಗೆ ಬಲೆ ಕಟ್ಟಿದ್ದನ್ನು ನಾನು ಎಷ್ಟು ಸಲ ನೋಡಿದ್ದೆನೋ. ಚಿಕ್ಕನರಗುಂದದ ಎರೆಹೊಲದಲ್ಲಿ ಜೋಳದ ದಂಟಿನ ನಡುವೆಯೂ ಇತ್ತು. ನರೇಗಲ್ಲಿನ ಬೇಲಿಗಳಲ್ಲಿ ಈಗಲೂ ಇದೆ, ಗಜೇಂದ್ರಗಡದ ಗುಡ್ಡದ ಕಲ್ಲುಸಂದಿಯ ಪೊದೆಯಲ್ಲೂ ಇದೆ. ಮನೆಯೊಳಗೆ ಮಾತ್ರ ಬರುವುದಿಲ್ಲ. ಕತ್ತಲೆಯ ಮೂಲೆ ಅದಕ್ಕೆ ಸೇರದು. ಗಾಳಿ ಬೇಕು, ಬಿಸಿಲು ಬೇಕು, ಹಾರುವ ಹುಳದ ದಾರಿ ಬೇಕು. ಮಳೆಗಾಲ ಹಿಡಿದಾಗ ಕಣ್ಣಿಗೆ ಬೀಳತೊಡಗಿ ಚಳಿ ಬಲಿಯುವಷ್ಟರಲ್ಲಿ ಕಾಣೆಯಾಗುತ್ತದೆ. ಜಕ್ಕಲಿಯಲ್ಲಿ ಅದಕ್ಕೆ ಯಾರೂ ರುಮಾಲು ಸುತ್ತಿದ್ದಿಲ್ಲ. ಹಾಗಾಗಿ ಈ ಪೂಜೆ ನನಗೆ ಮೊದಲ ವರ್ಷದಿಂದಲೂ ನಗು ತರಿಸುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಿಲ್ಲುತ್ತಿದ್ದೆ.

ಆ ವರ್ಷ ಎರಡನೆಯ ಸೋಮವಾರ ನಮ್ಮ ಮನೆಯವರು ಗುಡ್ಡದ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಎಲುಬು ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಬಿಗಿದು, ದೀಪಾವಳಿಯವರೆಗೆ ಕೈ ಅಲುಗಾಡಿಸಬೇಡಿರೆಂದು ಹೇಳಿ ಹೋದ. ಮಗ್ಗದ ಮೇಲೆ ಆಗಷ್ಟೇ ಏರಿಸಿದ ಹಾಸಿತ್ತು. ಒಂದು ಗೇಣೂ ನೇಯ್ದಿರಲಿಲ್ಲ.

ನಮ್ಮ ಓಣಿಯ ಇನ್ನೊಂದು ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಮಹಾನವಮಿಯ ಖಂಡೆಪೂಜೆಯ ದಿನ ಪ್ರತಿ ಮನೆಯವರೂ ಶ್ರಾವಣದ ಹಾಸಿನಿಂದ ಕೊಯ್ದ ಒಂದು ಸೀರೆಯನ್ನು ಮಗ್ಗದ ಮುಂದೆ ಇಡಬೇಕು. ಇಡದ ಮನೆಯ ಮಗ್ಗವನ್ನು ಹಿರಿಯರು ಕೀಳಿಸಿ ದಾಯಾದಿಗಳಿಗೆ ಕೊಡುತ್ತಿದ್ದರು, ಕುಣಿಗೆ ಮಣ್ಣು ತುಂಬುತ್ತಿದ್ದರು. ಕುಣಿ ಮುಚ್ಚಿದ ಮನೆಯವರು ಆಮೇಲೆ ಕಂಡವರ ಜಗಲಿಯಲ್ಲಿ ಕೂತು ಕಂಡಿಕೆ ಸುತ್ತಿ ಬದುಕಬೇಕು. ಅಂಥ ಎರಡು ಮನೆ ಓಣಿಯಲ್ಲಿದ್ದವು. ಅವರನ್ನು ಊಟಕ್ಕೆ ಕರೆಯುವಾಗಲೂ ಕೊನೆಗೆ ಕರೆಯುತ್ತಿದ್ದರು. ನಮ್ಮ ದಾಯಾದಿ ಫಕೀರಪ್ಪ ಕೈ ನೋಡಲು ಬಂದವನು ಕೈಗಿಂತ ಹೆಚ್ಚು ಹೊತ್ತು ಮಗ್ಗವನ್ನೇ ನೋಡಿದ. ಎಳೆ ಒತ್ತಿ ಬಡಿಯುವ ಹಣಿಗೆಯನ್ನು ಮುಟ್ಟಿ, "ಚಲೋ ಐತಿ" ಎಂದ.

ಶ್ರಾವಣವಿಡೀ ಕಾದೆವು. ಊದಿದ ಕೈ ಇಳಿಯಲಿಲ್ಲ. ಭಾದ್ರಪದ ಹುಟ್ಟಿದ ಮೂರನೆಯ ದಿನ ಬೆಳಿಗ್ಗೆ ನಾನು ಸೀರೆಯ ಕಚ್ಚೆ ಬಿಗಿದು ಕುಣಿಗೆ ಇಳಿದೆ. ಅತ್ತೆ ಬಾಗಿಲಲ್ಲಿ ಜೋಳ ಕೇರುತ್ತಿದ್ದವರು ಮೊರ ಕೆಳಗಿಟ್ಟರು.

"ಏ ಹುಡುಗಿ, ಏಳ ಮ್ಯಾಲೆ. ನೇಕಾರಪ್ಪನ ಜಾಗಾ ಅದು. ಮನಿ ಹಾಳ ಮಾಡಬ್ಯಾಡ."

"ನವಮಿ ಕಳದ್ರ ಮನಿ ತಾನ ಹಾಳಾಗತೈತ್ರಿ ಅತ್ತಿ. ನಾ ಮಾಡೂದೇನು ಉಳದೈತಿ?"

"ಹಂಗಾರ ನನಗ ಸೊಸಿ ಇಲ್ಲಂತ ತಿಳೀತೀನಿ."

ಅಂದ ಮಾತನ್ನು ಅವರು ನಡೆಸಿದರು. ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ನನಗೆ ಹೇಳುವುದನ್ನೆಲ್ಲ ಕೊಟ್ಟಿಗೆಯ ಆಕಳಿಗೆ ಹೇಳುತ್ತಿದ್ದರು. "ಏನವ್ವ ಗಂಗೆ, ರೊಟ್ಟಿ ಬುಟ್ಯಾಗ ಅದಾವ, ಹಸದ್ರ ತಿನ್ನಬೇಕು." ನಮ್ಮತ್ತೆ ಓಣಿಯ ಸೂಲಗಿತ್ತಿ. ಸುತ್ತಲಿನ ಅರ್ಧ ಜನರನ್ನು ಭೂಮಿಗೆ ತಂದ ಕೈ ಅವರದು. ನೇಕಾರಪ್ಪನ ಮೇಲೆ ಅವರಷ್ಟು ಭಕ್ತಿ ಯಾರಿಗೂ ಇರಲಿಲ್ಲ. ದಿನಾ ಬೆಳಿಗ್ಗೆ ದೂರದಿಂದಲೇ, ನೆರಳು ಬೀಳದಂತೆ ನಿಂತು ಕೈಮುಗಿದು ಬರುತ್ತಿದ್ದರು. ಅವರ ಸಿಟ್ಟು ನನಗೆ ನೋವು ಕೊಟ್ಟಿತು, ಸುಳ್ಳೇಕೆ ಹೇಳಲಿ. ಆದರೆ ಕುಣಿಯಿಂದ ನಾನು ಏಳಲಿಲ್ಲ.

ಮೊದಲ ಎರಡು ದಿನ ನೇಯ್ದದ್ದು ಸೀರೆಯಲ್ಲ, ಜೋಳದ ಚೀಲ. ನಮ್ಮ ಮನೆಯವರು ಒಳಗೆ ಚಾಪೆಯ ಮೇಲೆ ಮಲಗಿಕೊಂಡು ಸಪ್ಪಳ ಕೇಳಿಯೇ ತಪ್ಪು ಹಿಡಿಯುತ್ತಿದ್ದರು.

"ಹಣಿಗಿ ಬಡಿಯೂದು ಸಡ್ಲ ಆತು. ಬಿಚ್ಚು."

ಬಿಚ್ಚುತ್ತಿದ್ದೆ.

"ಎಡಗಡೆ ಅಂಚು ಎಳದೀ. ಬಿಚ್ಚು."

ಮತ್ತೆ ಬಿಚ್ಚುತ್ತಿದ್ದೆ. ಮೂರನೆಯ ದಿನ ಅಳು ಬಂದು ಹೊರಗೆ ಹೋಗಿ ಬೇಲಿಯ ಹತ್ತಿರ ನಿಂತೆ. ಹಿಂದಿನ ದಿನದ ಮಳೆಗೆ ಕಾಳಪ್ಪ ಆರಿಸಿದ ಆ ದೊಡ್ಡ ಬಲೆ ಹರಿದು ಜೋತಿತ್ತು. ಜೇಡ ಗೊಣಗಲಿಲ್ಲ. ಹರಿದ ನೂಲನ್ನು ಬಾಯಿಗೆ ಎಳೆದುಕೊಂಡು ತಿಂದುಬಿಟ್ಟಿತು. ನಡುವಿನಿಂದ ಅಂಚಿಗೆ ನೆಟ್ಟನೆಯ ಎಳೆ ಬಿಗಿಯಿತು, ಅದು ಹಾಸು. ಆಮೇಲೆ ಸುತ್ತು ಸುತ್ತಾಗಿ ಎಳೆ ಕೂಡಿಸುತ್ತ ಬಂತು, ಅದು ಹೊಕ್ಕು. ಪ್ರತಿ ಎಳೆಯನ್ನೂ ಹಿಂಗಾಲಿನಿಂದ ಹಿಡಿದು ಅಂಟಿಸುವಾಗ ಅಳತೆ ಒಂದು ಕೂದಲಷ್ಟೂ ತಪ್ಪಲಿಲ್ಲ. ಬಿಚ್ಚಿದ ನೂಲು ಹಾಳಾಗುವುದಿಲ್ಲ ಎಂದು ಅಂದು ನೋಡಿದೆ. ಒಳಗೆ ಹೋಗಿ ಮತ್ತೆ ಕೂತೆ.

ಅಂದಿನಿಂದ ದಿನಾ ಮುಂಜಾನೆ ಕಸ ಚೆಲ್ಲುವ ನೆವದಲ್ಲಿ ಬೇಲಿಗೆ ಹೋಗುತ್ತಿದ್ದೆ. ನೆರಳಿನ ಕಟ್ಟಳೆ ಗಾಳಿಗೆ ಹೋಯಿತು. ಗೇಣು ದೂರದಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆಯ ಮೇಲೆ ಹಳದಿ, ಬಿಳಿ, ಕಂದು ಅಡ್ಡಪಟ್ಟಿ. ಎದೆಯ ಮೇಲೆ ಬೆಳ್ಳಿಯ ಹೊಳಪು. ಎಂಟು ಕಾಲುಗಳನ್ನು ಎರಡೆರಡು ಜೋಡಿಸಿ ನಾಲ್ಕು ಕಡೆ ಚಾಚಿ ಕೂತರೆ ನಾಲ್ಕೇ ಕಾಲೇನೋ ಎನ್ನಿಸಬೇಕು. ಆ ಕಾಲುಗಳ ತುದಿಯಿಂದ ಬಲೆಯಲ್ಲಿ ದಪ್ಪನೆಯ ಬಿಳಿ ಪಟ್ಟಿ ಅಂಕುಡೊಂಕಾಗಿ ಹೋಗಿರುತ್ತದೆ, ನಮ್ಮ ಸೀರೆಯ ಸೆರಗಿನಲ್ಲಿ ಹಾಕುವ ತೆನೆಯ ಹಾಗೆ. ಒಂದು ದಿನ ನಾಲ್ಕು ಪಟ್ಟಿ, ಇನ್ನೊಂದು ದಿನ ಎರಡೇ. ಯಾಕೆ ಹಾಕುತ್ತದೋ ಇಂದಿಗೂ ನನಗೆ ಗೊತ್ತಿಲ್ಲ. ಕಡ್ಡಿಯಿಂದ ಮುಟ್ಟಿದರೆ ಇಡೀ ಬಲೆಯನ್ನು ಗಡಗಡ ಅಲುಗಾಡಿಸಿ ಹೆದರಿಸುತ್ತದೆ. ಮಿಡತೆ ಬಿದ್ದರೆ ಹಿಂಗಾಲಿನಿಂದ ನೂಲು ಎರಚಿ, ತಿರುಗಿಸಿ ತಿರುಗಿಸಿ ಸುತ್ತಿಬಿಡುತ್ತದೆ; ಅಷ್ಟು ಬಿಗಿಯಾದ ಕಂಡಿಕೆಯನ್ನು ನಮ್ಮ ಓಣಿಯಲ್ಲಿ ಯಾರೂ ಸುತ್ತಿದ್ದಿಲ್ಲ.

ಅಂಚಿನಲ್ಲಿದ್ದ ಆ ಸಣ್ಣ ಕಂದು 'ಹೆಂಡತಿ'ಯನ್ನೂ ನೋಡುತ್ತಿದ್ದೆ. ಎಷ್ಟು ದಿನ ನೋಡಿದರೂ ಅದು ಒಂದೆಳೆ ನೂಲನ್ನೂ ಸುತ್ತಿಕೊಡಲಿಲ್ಲ. ಸುಮ್ಮನೆ ಕೂತಿತ್ತು. ಒಂದು ದಿನ ಹೆದರಿ ಹೆದರಿ ಎಳೆಗಳನ್ನು ಮೀಟುತ್ತ ನಡುವಿಗೆ ಹೋಯಿತು. ಸ್ವಲ್ಪ ಹೊತ್ತು ಎರಡೂ ಕೂಡಿದ್ದವು. ಅದಾದ ಮೇಲೆ ನೋಡಿದರೆ ದೊಡ್ಡದು ಸಣ್ಣದನ್ನು ನೂಲಿನಲ್ಲಿ ಸುತ್ತಿ ಊಟಕ್ಕೆ ಕೂತಿತ್ತು. ದಿನದಿಂದ ದಿನಕ್ಕೆ ದೊಡ್ಡದರ ಹೊಟ್ಟೆ ಉಬ್ಬತೊಡಗಿತು. ನನಗೆ ಆಗ ಸಂಶಯ ಹುಟ್ಟಿತು.

ಒಳಗೆ ಹೋಗಿ ನಮ್ಮ ಮನೆಯವರಿಗೆ ಹೇಳಿದೆ. "ನೇಯೂದು ಗಂಡ ಅಲ್ರಿ, ಹೆಣ್ಣು. ಅಂಚಿನಾಗ ಕೂಡೂದು ಗಂಡ."

ಅವರು ತಮ್ಮ ಕಟ್ಟಿದ ಕೈ ನೋಡಿದರು, ಕುಣಿಯಲ್ಲಿದ್ದ ನನ್ನನ್ನು ನೋಡಿದರು. "ನಾನೂ ಅಂಚಿನಾಗ ಕುಂತೀನಲ್ಲ. ಅಂವಗ ಮುಂದ ಏನಾತು?"

"ಅಕಿ ತಿಂದ್ಲು."

"ಹಂಗಾರ ಈ ಮುರದ ಕೈ ಮೊದಲ ತಿನ್ನು ಮಾರಾಯ್ತಿ, ಹೆಂಗೂ ಕೆಲಸಕ್ಕ ಬರಾಂಗಿಲ್ಲ" ಎಂದು ನಕ್ಕರು. ಕೈ ಮುರಿದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಒಳ್ಳೆಯ ಗಂಡಸು. ಅವರ ಎದೆಗಾರಿಕೆ ಜಗಳದಲ್ಲಿ ಕಾಣುತ್ತಿರಲಿಲ್ಲ, ಹೆಂಡತಿಗೆ ತನ್ನ ವಿದ್ಯೆಯನ್ನು ಬಚ್ಚಿಡದೆ ಹೇಳಿಕೊಡುವುದರಲ್ಲಿ ಕಾಣುತ್ತಿತ್ತು.

ಮಗ್ಗದ ಸಪ್ಪಳ ಬಚ್ಚಿಡುವಂಥದ್ದಲ್ಲ. ಕೈ ಮುರಿದವನ ಮನೆಯಲ್ಲಿ ಲಾಳಿ ಓಡುತ್ತಿದೆ ಎಂದರೆ ಯಾರು ಓಡಿಸುತ್ತಿದ್ದಾರೆಂದು ಕೂಸಿಗೂ ತಿಳಿಯುತ್ತದೆ. ಕಾಳಪ್ಪ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬಂದ, ಜೊತೆಗೆ ಫಕೀರಪ್ಪ. ಕಾಳಪ್ಪ ಕೆಟ್ಟವನಲ್ಲ. ಗಟ್ಟಿ ದನಿ, ನೆಟ್ಟ ಮೀಸೆ. ತನ್ನ ಅಪ್ಪ ಹೇಳಿದ್ದನ್ನು ತಾನು ಕಾಯುತ್ತಿದ್ದೇನೆ ಎಂದು ನಂಬಿದ್ದ ಮನುಷ್ಯ. ಆದರೆ ನಂಬಿದವರ ಕಾಟವೇ ಹೆಚ್ಚು.

"ಸಂಗವ್ವ, ಕುಣಿ ಬಿಟ್ಟು ಏಳವ್ವ. ಗಂಡಸರ ಜಾಗಾದಾಗ ಹೆಂಗಸು ಕುಂತ್ರ ಓಣಿಗೇ ಕೇಡು."

ನಾನು ಲಾಳಿ ಕೆಳಗಿಡದೆ ಕೇಳಿದೆ, "ಮಾವಾರ, ಹಂಗಂತ ಯಾರು ಹೇಳಿದ್ರು?"

"ನೇಕಾರಪ್ಪನ ಕಟ್ಟಳಿ ಅದು. ಅಂವ ನೇಯ್ತಾನ, ಅವನ ಹೇಣ್ತಿ ಕಂಡಿಕಿ ಸುತ್ತತಾಳ. ಅಂವ ಹಾಕಿದ ದಾರಿ."

"ಹಂಗಾರ ನೇಕಾರಪ್ಪನ್ನ ಕೇಳೂಣ್ರಿ. ಅಂವ ಹೆಂಗ ಹೇಳ್ತಾನ ಹಂಗ."

ಹಿರಿಯರು ನಕ್ಕರು. ಕಾಳಪ್ಪನೂ ನಕ್ಕ. "ಕೇಳವ್ವ, ನವಮಿ ದಿನ ಎಲ್ಲಾರೂ ಬೇಲಿ ಮುಂದ ಕೂಡ್ತೀವಿ. ನೇಕಾರಪ್ಪ ಹೂಂ ಅಂದ್ರ ನಂದೇನೂ ತಕರಾರಿಲ್ಲ. ಇಲ್ಲಂದ್ರ ನೀ ನೇಯ್ದದ್ದು ಲೆಕ್ಕಕ್ಕಿಲ್ಲ. ಮಗ್ಗ ಫಕೀರಪ್ಪನ ಮನಿಗೆ." ನಗೆಚಾಟಿಕೆಗೆ ಆಡಿದ ಮಾತು. ಆದರೆ ನಾಲ್ಕು ಜನರೆದುರು ಆಡಿದ್ದ, ನಾನು ಗಂಟು ಹಾಕಿಟ್ಟುಕೊಂಡೆ.

ಭಾದ್ರಪದ ಕಳೆಯಿತು. ನನ್ನ ಸೀರೆ ಮೊಳ ಮೊಳವಾಗಿ ಬೆಳೆಯಿತು. ಹೆಂಗಸರು ನಮ್ಮ ಬಾಗಿಲ ಮುಂದೆ ಬಂದಾಗ ಹೆಜ್ಜೆ ನಿಧಾನ ಮಾಡುತ್ತಿದ್ದರು; ಕಣ್ಣು ಒಳಗೆ, ಮೋರೆ ಹೊರಗೆ. ಸೆರಗಿನ ತೆನೆ ಹಾಕುವ ಹೊತ್ತಿಗೆ ನನ್ನ ಬೆರಳು ತಾವಾಗಿಯೇ ಎಳೆ ಎಣಿಸತೊಡಗಿದ್ದವು, ಒಳಗಿನಿಂದ "ಬಿಚ್ಚು" ಎಂಬ ಕೂಗು ನಿಂತಿತ್ತು. ಘಟಸ್ಥಾಪನೆಯಾಗಿ ಐದನೆಯ ದಿನ, ನವಮಿಗೆ ಇನ್ನು ನಾಲ್ಕು ದಿನ ಎನ್ನುವಾಗ ಬೆಳಿಗ್ಗೆ ಬೇಲಿಗೆ ಹೋದರೆ ಬಲೆ ಖಾಲಿ. ಜೇಡ ಇಲ್ಲ.

ಕಾಗೆ ಹೊಡೆಯಿತೇ, ಫಕೀರಪ್ಪ ಹೊಡೆದನೇ? ಕಳ್ಳಿಯ ಮುಳ್ಳು ತರಚಿದರೂ ಲೆಕ್ಕಿಸದೆ ಹುಡುಕಿದೆ. ಎರಡು ಮೊಳ ಆಚೆ, ಕಳ್ಳಿಯ ಅಗಲ ಪಟ್ಟೆಯ ಮರೆಯಲ್ಲಿ ಸಿಕ್ಕಿತು. ಬಲೆ ಕಟ್ಟುತ್ತಿರಲಿಲ್ಲ. ಹಸಿರುಗಂದು ನೂಲಿನಿಂದ ಪುಟ್ಟದೊಂದು ಹಾಸಿಗೆ ನೇಯ್ದು, ಅದರ ಮೇಲೆ ಹಳದಿ ಕಾಳುಗಳ ಮುದ್ದೆಯನ್ನು ಇಳಿಸುತ್ತಿತ್ತು. ಮನೆಗೆ ಓಡಿದೆ. ಅತ್ತೆ ಹಿತ್ತಿಲಲ್ಲಿ ಆಕಳಿನ ಜೊತೆ ಮಾತಾಡುತ್ತಿದ್ದರು.

"ಅತ್ತಿ, ಲಗೂ ಬರ್ರಿ! ಬೇಲಿ ಹತ್ರ ಒಬ್ಬಾಕಿ ಹಡಿಯಾಕತ್ತಾಳ!"

ಸೂಲಗಿತ್ತಿಗೆ ಆ ಮಾತು ಕೇಳಿದ ಮೇಲೆ ಹಗೆತನ ನೆನಪಿರುತ್ತದೆಯೇ? ಎಣ್ಣೆಯ ಕುಡಿಕೆ, ಕುಡುಗೋಲಿನ ಚೂರು, ಹಳೆಯ ಸೀರೆ ಎಲ್ಲವನ್ನೂ ಬಾಚಿಕೊಂಡು ನನಗಿಂತ ಮುಂದೆ ಓಡಿದರು. "ಯಾರ ಪೈಕಿ? ಎಷ್ಟೊತ್ತಾತು ಬ್ಯಾನಿ ಹತ್ತಿ? ಹೊಲದಾಕಿ ಏನು?" ಬೇಲಿಯ ಮುಂದೆ ಯಾರೂ ಇರಲಿಲ್ಲ. ನಾನು ಕಳ್ಳಿಯ ಮರೆಗೆ ಕೈ ತೋರಿಸಿದೆ. ಅವರು ನನ್ನ ಕೆನ್ನೆಗೆ ಬಾರಿಸಲು ಕೈ ಎತ್ತಿದ್ದು ನಿಜ. ಎತ್ತಿದ ಕೈ ಅಲ್ಲೇ ನಿಂತಿತು.

ಬಗ್ಗಿ ನೋಡಿದರು. ಕುಕ್ಕರಗಾಲಲ್ಲಿ ಕೂತರು. ಅವರ ನೆರಳು ಅದರ ಮೇಲೆ ಪೂರ್ತಿ ಬಿತ್ತು, ಅದೂ ಅವರಿಗೆ ತಿಳಿಯಲಿಲ್ಲ. ಬಿಸಿಲು ಏರುವ ತನಕ ಕೂತೇ ಇದ್ದರು. ಜೇಡ ಆ ಹಳದಿ ಮುದ್ದೆಯ ಮೇಲೆ ಇನ್ನೊಂದು ಪದರ ನೇಯ್ದು, ಸುತ್ತಲೂ ಹೊಲಿದು, ಕಳ್ಳಿಗೆ ಎಳೆಗಳಿಂದ ಬಿಗಿಯಿತು. ಉಬ್ಬಿದ್ದ ಅದರ ಹೊಟ್ಟೆ ಜೋತು ಸುಕ್ಕಾಗಿತ್ತು. ಅತ್ತೆ ಎದ್ದು ಎಣ್ಣೆಯ ಕುಡಿಕೆ ಎತ್ತಿಕೊಂಡು ಮನೆಗೆ ನಡೆದರು. ಆಕಳಿಗೂ ಅಂದು ಏನೂ ಹೇಳಲಿಲ್ಲ.

ಆ ನಾಲ್ಕು ದಿನ ನನಗೆ ಹೇಗೆ ಕಳೆದವೋ. ನಾನು ಕಂಡದ್ದನ್ನು ನಾನೇ ಹೇಳಿದರೆ ಯಾರು ನಂಬುತ್ತಾರೆ? ಅದು ನೇಕಾರಪ್ಪ ನೇಯ್ದ ಗಂಟು ಎಂದು ಕಾಳಪ್ಪ ತಳ್ಳಿಹಾಕುತ್ತಿದ್ದ. ಅತ್ತೆ ಬಾಯಿ ಬಿಡಬೇಕು. ಅವರ ಬಾಯಿಯೋ ಹೊಲಿದಂತಿತ್ತು.

ನವಮಿಯ ದಿನ ಸ್ನಾನ ಮಾಡಿ, ಕುಣಿಗೆ ಇಳಿದು, ಸೀರೆಯನ್ನು ಮಗ್ಗದಿಂದ ಕೊಯ್ದೆ. ನಮ್ಮ ಮನೆಯವರು ಎಡಗೈಯಿಂದ ಸೆರಗನ್ನು ತಿರುವಿ ನೋಡಿದರು. "ನನ್ನಷ್ಟ ಚಲೋ ಇಲ್ಲ" ಎಂದರು, ಕಣ್ಣು ಒರೆಸಿಕೊಂಡರು. ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಬೇಲಿಗೆ ಹೋದೆ. ಇಡೀ ಓಣಿ ನೆರೆದಿತ್ತು. ಫಕೀರಪ್ಪ ಮಗ್ಗ ಹೊರುವುದಕ್ಕೆ ಹಗ್ಗ ಬೇರೆ ತಂದಿದ್ದ.

ಕಾಳಪ್ಪ ಸೀರೆಯನ್ನು ಮುಟ್ಟದೆ ಕೇಳಿದ, "ಹೂಂ, ಕೇಳವ್ವ ನಿನ್ನ ನೇಕಾರಪ್ಪನ್ನ. ಏನಂತಾನ?"

"ನೇಕಾರಪ್ಪ ಈಗ ಮಾತಾಡು ಹಂಗಿಲ್ರಿ ಮಾವಾರ" ಎಂದೆ. "ಬಾಣಂತಿ ಅದಾನ."

ಯಾರೋ ಕಿಸಕ್ಕೆಂದರು. ಕಾಳಪ್ಪನ ಮೀಸೆ ನಿಮಿರಿತು. "ಏನ ಮಾತ ಇದು! ಮೂಲಪುರುಷಗ ಹಿಂಗ ಅಂತೀಯಾ? ನಾಲಿಗಿ ಬಿಗಿಹಿಡಿ!"

"ಅಕಿಗೆ ಯಾಕ ಬೈತೀಯೋ ಕಾಳ್ಯಾ?"

ಎಲ್ಲರೂ ಹಿಂತಿರುಗಿ ನೋಡಿದರು. ನಮ್ಮತ್ತೆ ಬರುತ್ತಿದ್ದರು. ಕೈಯಲ್ಲಿ ಹರಿವಾಣ, ಅದರಲ್ಲಿ ಕೊಬ್ಬರಿ, ಬೆಲ್ಲ, ಬೆಳ್ಳುಳ್ಳಿ, ಮೇಲೊಂದು ಹಸಿರು ಖಣ. ಹೆತ್ತ ಐದನೆಯ ದಿನ ಬಾಣಂತಿಗೆ ಒಯ್ಯುವ ಹರಿವಾಣ ಅದು. ಓಣಿಯ ಪ್ರತಿ ಹೆಂಗಸಿಗೂ ಅದರ ಗುರುತು ಗೊತ್ತು.

ಅವರು ಕಳ್ಳಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. "ನಿನ್ನ ಮೂರೂ ಮಕ್ಕಳನ್ನ ಹಡಿಸಿದಾಕಿ ನಾನು. ಈ ಫಕೀರ್ಯಾನ ಹೊಕ್ಕಳ ಕೊಯ್ದಾಕಿ ನಾನು. ಬಸರಿ ಹೊಟ್ಟಿ ಯಾವುದು, ಹಡದ ಹೊಟ್ಟಿ ಯಾವುದು, ನನಗ ಹೇಳಿಕೊಡ್ತೀಯೇನು? ನಾಕ ದಿನದ ಕೆಳಗ ಈ ಕಣ್ಣಿಂದ ನೋಡೀನಿ. ಇಕಿ ಹಡದಾಳ."

"ಅವ್ವಾ, ಅದು ನೇಕಾರಪ್ಪ..." ಎಂದು ಕಾಳಪ್ಪ ತೊದಲಿದ.

"ಬಾ ಇಲ್ಲೆ." ಅತ್ತೆ ಅವನ ಕೈ ಹಿಡಿದು ಎಳೆದರು. ಕಳ್ಳಿಗೆ ಅಂಟಿದ್ದ ಆ ಪುಟ್ಟ ಚೀಲದ ಮೂಲೆಯನ್ನು ಉಗುರಿನ ತುದಿಯಿಂದ, ಕೂಸಿನ ಕಣ್ಣ ಪಿಸುರು ತೆಗೆಯುವಷ್ಟು ಹಗುರವಾಗಿ ಎತ್ತಿದರು. ಒಳಗೆ ನವಣೆಯಂಥ ಹಳದಿ ತತ್ತಿಗಳು, ಒಂದಕ್ಕೊಂದು ಒತ್ತಿಕೊಂಡು. ಕಾಳಪ್ಪ ನೋಡಿದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಅತ್ತೆ ಮೂಲೆ ಮುಚ್ಚಿ ಎಂಜಲು ಬೆರಳಿನಿಂದ ಒತ್ತಿದರು. ಪಕ್ಕದಲ್ಲೇ ಅವಳು ಬಡಕಲಾಗಿ ತಲೆ ಕೆಳಗೆ ಜೋತು ಕಾಯುತ್ತಿದ್ದಳು. ಆ ಸ್ಥಿತಿಯಲ್ಲೂ ಒಮ್ಮೆ ಎಳೆಗಳನ್ನು ಅಲುಗಿಸಿ ನಮ್ಮನ್ನು ಗದರಿಸಿದಳು.

"ನಲವತ್ತು ವರ್ಷ ಕೈಮುಗದೀನಿ" ಎಂದರು ಅತ್ತೆ. ಅವರ ದನಿ ಒಡೆಯಿತು. "ಸೂಲಗಿತ್ತಿ ಆಗಿ ನನಗ ತಿಳೀಲಿಲ್ಲ. ಹತ್ರ ಹೋಗಿ ನೋಡಿದ್ರ ತಿಳೀತಿತ್ತು. ನೆಳ್ಳ ಬೀಳತೈತಿ ಅಂತ ಹೋಗಗೊಡಲಿಲ್ಲ ನೀವು. ಬಸರಿ ಹೆಂಗಸಿಗೆ ರುಮಾಲ ಸುತ್ತಿಸಿ ಕುಂದ್ರಿಸೀರಿ!"

ಕಳ್ಳಿಯ ಮೇಲಿನ ಕೆಂಪು ರುಮಾಲನ್ನು ಬಿಚ್ಚಿ ಕಾಳಪ್ಪನ ಹೆಗಲ ಮೇಲೆ ಹಾಕಿದರು. ಆ ಜಾಗದಲ್ಲಿ ಹಸಿರು ಖಣ ಹೊದಿಸಿದರು, ಕೊಬ್ಬರಿ ಬೆಲ್ಲ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, ತಿಂಗಳು ದಾಟಿದ ಮೇಲೆ, ನನ್ನ ಹೆಸರು ಹಿಡಿದು ಹೇಳಿದರು: "ನಡಿಯವ್ವ ಸಂಗವ್ವ. ಸೀರಿ ಮಗ್ಗದ ಮುಂದ ಇಡು. ಹೊತ್ತಾತು." ನನಗೆ ಅಲ್ಲೇ ಅಳು ಬಂತು. ಜಗಳದಲ್ಲಿ ಬಾರದ ಅಳು ಆ ಒಂದು ಮಾತಿಗೆ ಬಂತು.

ಕಾಳಪ್ಪ ಹೆಗಲ ಮೇಲಿನ ರುಮಾಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ನಾಲ್ಕು ಜನರೆದುರು ಆಡಿದ ಮಾತು ಅವನಿಗೂ ನೆನಪಿತ್ತು. ಆದರೆ ಹಿರಿಯನೆಂಬ ಹಮ್ಮು ಒಮ್ಮೆಗೇ ಇಳಿಯುತ್ತದೆಯೇ? ಗಂಟಲು ಸರಿಮಾಡಿಕೊಂಡು ಹೇಳಿದ: "ಆತು. ಈ ವರ್ಷದ ಮಟ್ಟಿಗೆ ನಡೀಲಿ."

ಫಕೀರಪ್ಪ ಹಗ್ಗ ಸುತ್ತಿಕೊಂಡು ಹೋದ. ಕಳ್ಳಿಯ ಮರೆಯ ಆ ಬಾಣಂತಿ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಎಳೆಗಳಷ್ಟೇ ಇದ್ದವು. ಒಂದು ಮುಂಜಾನೆ ಚೀಲ ಒಡೆದು ಸಾಸಿವೆಗಿಂತ ಸಣ್ಣ ಮರಿಗಳು ಕಳ್ಳಿಯ ತುದಿಗೆ ಹತ್ತಿದವು. ಒಂದೊಂದೂ ಒಂದೆಳೆ ನೂಲು ಬಿಟ್ಟು ಗಾಳಿ ಹಿಡಿದು ಹೋದವು. ಕೆಲವು ಗುಡ್ಡದ ಕಡೆಗೆ, ಕೆಲವು ನರೇಗಲ್ಲಿನ ಕಡೆಗೆ. ನಮ್ಮ ಮನೆಯವರ ಕೈ ಕೂಡಿತು, ಆದರೆ ಲಾಳಿ ಎಸೆಯುವ ಬಿರುಸು ಮರಳಿ ಬರಲಿಲ್ಲ. ಅವರು ಜಗಲಿಯಲ್ಲಿ ಕೂತು ಎಡಗೈಯಿಂದ ಕಂಡಿಕೆ ಸುತ್ತುವುದನ್ನು ಕಲಿತರು. ಕಂಡವರು ನಕ್ಕರೆ, "ಇಷ್ಟ ಮಾಡಿದ್ರ ತಿನ್ನೂದಿಲ್ಲ ಅಂದಾಳ" ಎಂದು ತಾವೂ ನಗುತ್ತಿದ್ದರು.

ಮರುವರ್ಷ ಶ್ರಾವಣ ಬಂದಾಗ ನಾನು ಯಾರನ್ನೂ ಕೇಳದೆ ಕುಣಿಗೆ ಇಳಿದೆ. ಯಾರೂ ನನ್ನನ್ನು ಕೇಳಲಿಲ್ಲ. ಅದರ ಮರುವರ್ಷವೂ ಹಾಗೇ. ಕುಂಪಣಿ ಹೋಗಿ ರಾಣಿ ಬಂದಳು, ಕಾಳಪ್ಪ ತೀರಿಕೊಂಡ, ಅತ್ತೆ ತೀರಿಕೊಂಡರು, ನಮ್ಮ ಮನೆಯವರೂ ಹೋದರು. ಮೂವತ್ತೇಳು ನವಮಿಗೆ ಮೂವತ್ತೇಳು ಸೀರೆಯನ್ನು ನನ್ನ ಕೈಯಿಂದ ಕೊಯ್ದು ಇಟ್ಟಿದ್ದೇನೆ.

ಮೊನ್ನೆ ಆ ತರುಣ ಕುಂಚ ಹಿಡಿದು ಕಾಯುತ್ತಲೇ ಇದ್ದ, ಮುದುಕಿ ಸರಿಯಲಿ ಎಂದು. ನಾನು ಸರಿಯಲಿಲ್ಲ. ಕಳ್ಳಿಯ ಮೇಲಿನ ರುಮಾಲನ್ನು ಬಿಚ್ಚಿ ಅವನ ಕೈಗೆ ಕೊಟ್ಟೆ.

"ಇದನ್ನ ಒಯ್ದು ನಿಮ್ಮ ಹಿರ್ಯಾರಿಗೆ ಕೊಡಪ. ಸಂಗವ್ವ ಬಂದಿದ್ಲು ಅನ್ನು. ಕಾಳಪ್ಪ ಈ ವರ್ಷದ ಮಟ್ಟಿಗೆ ಅಂದಿದ್ದ, ಆ ವರ್ಷ ಇನ್ನೂ ಮುಗದಿಲ್ಲ ಅಂದ್ಲು ಅನ್ನು."